ಹಳೆಯ ಯುನಿಕ್ಸ್ ಯಂತ್ರಕ್ಕೆ ಟೆಕ್ ಲೈವ್: ಯಾವ ವರ್ಷದ್ದು ಆರಿಸಬೇಕು, ಹೇಗೆ ಹಾಕಬೇಕು

ಹತ್ತು ಹದಿನೈದು ವರ್ಷ ಹಳೆಯ ಲಿನಕ್ಸ್, ಬಿಎಸ್‌ಡಿ ಅಥವಾ ಸೋಲಾರಿಸ್ ಯಂತ್ರದಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಟೆಕ್ ತಂತ್ರಾಂಶ ಹಾಕಲು ಹೊರಟವರು ಮೊದಲಿಗೆ ಅದರ ಪೂರ್ಣ ಗಂಟಾದ ಟೆಕ್ ಲೈವ್‌ನಲ್ಲಿ ಈ ವರ್ಷದ್ದನ್ನೇ ಇಳಿಸಿಕೊಂಡುಬಿಡುತ್ತಾರೆ. ಇಳಿಸಲು ಅರ್ಧ ದಿನ, ಬಿಚ್ಚಲು ಒಂದು ಗಂಟೆ ಹೋದಮೇಲೆ ಜಿಲಿಬ್‌ಸಿ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಹಳೆಯದು ಎಂಬ ಒಂದು ಸಾಲಿನ ದೂರು ಬಂದು ಕೆಲಸ ನಿಲ್ಲುತ್ತದೆ. ಅಲ್ಲಿಂದ ಜಿಲಿಬ್‌ಸಿಯನ್ನೇ ಬದಲಿಸಲು ಹೋದವರು ಯಂತ್ರವನ್ನೇ ಕಳೆದುಕೊಳ್ಳುತ್ತಾರೆ, ಯಾಕೆಂದರೆ ಎಲ್‌ಎಸ್‌ನಿಂದ ಲಾಗಿನ್‌ವರೆಗೆ ಎಲ್ಲವೂ ನಿಂತಿರುವುದು ಅದರ ಮೇಲೆ. ಟೆಕ್ ಲೈವ್ ವರ್ಷಕ್ಕೊಂದು ಆವೃತ್ತಿಯಾಗಿ ಬರುತ್ತದೆ, ಹೊಸದು ಬಂದಾಗ ಹಳೆಯದು ಹಾಗೇ ಗಟ್ಟಿಯಾಗಿ ಉಳಿಯುತ್ತದೆ. ಯಂತ್ರದ ವಯಸ್ಸಿಗೆ ಹೊಂದುವ ವರ್ಷವನ್ನು ಆರಿಸಿಕೊಂಡರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಮೊದಲೇ ಒಂದು ಮಾತು. ಇಲ್ಲಿ ಆದೇಶಗಳನ್ನೆಲ್ಲ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ, ಬೇರೆ ಹೇಳದ ಕಡೆಯೆಲ್ಲ ಸಣ್ಣಕ್ಷರಗಳಲ್ಲಿ ಹಾಕಿ. ಉಚ್ಚಾರ ‘ಟೆಕ್’ ಆದರೂ ಬರೆಯುವಾಗ ಕೊನೆಯ ಅಕ್ಷರ ಎಕ್ಸ್. ಹಾಗಾಗಿ ಡೈರೆಕ್ಟರಿ, ಆದೇಶಗಳ ಹೆಸರಲ್ಲಿ ‘ಟೆಕ್ಸ್’ ಎಂದೇ ಕೊಟ್ಟಿದೆ.

ಯಂತ್ರದ ಜಾತಕ

ಟರ್ಮಿನಲ್ ತೆರೆದು ಇಷ್ಟನ್ನು ಬರೆದಿಟ್ಟುಕೊಳ್ಳಿ. ‘ಯುನೇಮ್ -ಎಂ’ ಪ್ರೊಸೆಸರ್ ಬಗೆ ಹೇಳುತ್ತದೆ. ಅದನ್ನು ಪೂರ್ತಿ ನಂಬಬೇಡಿ: ಕರ್ನಲ್ 64 ಬಿಟ್ ಆಗಿದ್ದು ಮೇಲಿನ ವ್ಯವಸ್ಥೆಯೆಲ್ಲ 32 ಬಿಟ್ ಇರುವ ಯಂತ್ರಗಳಿವೆ. ಲಿನಕ್ಸ್‌ನಲ್ಲಿ ‘ಗೆಟ್‌ಕಾನ್ಫ್ ಲಾಂಗ್_ಬಿಟ್’ (ಎರಡನೇ ಪದ ದೊಡ್ಡಕ್ಷರ), ಸೋಲಾರಿಸ್‌ನಲ್ಲಿ ‘ಐಸಾಇನ್ಫೋ -ಬಿ’ ಕೊಟ್ಟು ಖಚಿತ ಮಾಡಿಕೊಳ್ಳಿ. ‘ಎಲ್‌ಡಿಡಿ --ವರ್ಷನ್’ ಕೊಟ್ಟರೆ ಮೊದಲ ಸಾಲಿನಲ್ಲೇ ಜಿಲಿಬ್‌ಸಿ ಸಂಖ್ಯೆ ಸಿಗುತ್ತದೆ. ಸೆಂಟ್‌ಓಎಸ್ 5ರಲ್ಲಿ ಅದು 2.5, 6ರಲ್ಲಿ 2.12, 7ರಲ್ಲಿ 2.17. ‘ಪರ್ಲ್ -ವಿ’ ನೋಡಿ, ಇನ್‌ಸ್ಟಾಲರ್ ಪೂರ್ತಿ ಪರ್ಲ್‌ನಲ್ಲಿದೆ.

ಜಾಗಕ್ಕೆ ‘ಡಿಎಫ್ -ಕೆ’ ಜತೆ ‘ಡಿಎಫ್ -ಐ’ ಕೂಡ ಕೊಡಿ. ಪೂರ್ಣ ಟೆಕ್ ಲೈವ್ ಎಂದರೆ ಲಕ್ಷಕ್ಕೂ ಹೆಚ್ಚು ಪುಟ್ಟ ಪುಟ್ಟ ಫೈಲುಗಳು. ಚಿಕ್ಕ ಪಾರ್ಟಿಷನ್ನಿನಲ್ಲಿ ಗಿಗಾಬೈಟುಗಳು ಉಳಿದಿದ್ದರೂ ಐನೋಡ್ (ಒಂದೊಂದು ಫೈಲಿಗೂ ಬೇಕಾದ ದಾಖಲೆ ಸ್ಥಾನ) ಮುಗಿದು ‘ಜಾಗವಿಲ್ಲ’ ಎಂಬ ದೂರು ಬರುವುದುಂಟು. ‘ಡಿಎಫ್ -ಕೆ’ ಮಾತ್ರ ನೋಡಿದವರಿಗೆ ಇದು ಒಗಟಾಗಿಯೇ ಉಳಿಯುತ್ತದೆ.

ಕೊನೆಗೆ ‘ಡೇಟ್’. ಹಳೆಯ ಮದರ್‌ಬೋರ್ಡಿನ ಬಟನ್ ಬ್ಯಾಟರಿ ಸತ್ತಿದ್ದರೆ ಗಡಿಯಾರ ಎಷ್ಟೋ ವರ್ಷ ಹಿಂದೆ ಹೋಗಿರುತ್ತದೆ. ಆಗ ಭದ್ರ ಸಂಪರ್ಕದ ಪ್ರಮಾಣಪತ್ರಗಳು ‘ಇನ್ನೂ ಜಾರಿಗೆ ಬಂದಿಲ್ಲ’ ಎನ್ನುತ್ತವೆ, ಮೇಕ್ ‘ಫೈಲಿನ ಸಮಯ ಭವಿಷ್ಯದಲ್ಲಿದೆ’ ಎಂದು ಗೊಣಗುತ್ತ ಮಾಡಿದ್ದನ್ನೇ ಮತ್ತೆ ಮಾಡುತ್ತದೆ. ಹೆಚ್ಚಿನ ಬೋರ್ಡುಗಳಿಗೆ ಸಿಆರ್2032 ಬ್ಯಾಟರಿ ಸಾಕು. ಅದು ಸಿಗುವತನಕ ಪ್ರತಿ ಸಲ ಯಂತ್ರ ಹೊತ್ತಿಸಿದಾಗಲೂ ಸಮಯವನ್ನು ಕೈಯಾರೆ ಸರಿಮಾಡಿ.

ವರ್ಷ ಆರಿಸುವ ಲೆಕ್ಕ

ಅಂದಾಜು ಲೆಕ್ಕ ಸುಲಭ. ನಿಮ್ಮ ವ್ಯವಸ್ಥೆ ಬಿಡುಗಡೆಯಾದ ವರ್ಷಕ್ಕೆ ಎರಡು ಮೂರು ಸೇರಿಸಿ, ಆ ವರ್ಷದ ಟೆಕ್ ಲೈವ್‌ನಿಂದ ಶುರುಮಾಡಿ. ಬೈನರಿ (ನೇರ ಓಡಿಸಲು ಸಿದ್ಧವಾದ ಫೈಲು) ಕಟ್ಟುವವರು ಬೇಕೆಂದೇ ಸ್ವಲ್ಪ ಹಳೆಯ ವ್ಯವಸ್ಥೆಗಳ ಮೇಲೆ ಕಟ್ಟುವುದರಿಂದ ಇಷ್ಟು ಸಡಿಲು ಸಿಗುತ್ತದೆ. 2011ರಲ್ಲಿ ಬಂದ ಸೆಂಟ್‌ಓಎಸ್ 6ಕ್ಕೆ 2014ರ ಟೆಕ್ ಲೈವ್ ಯಾವ ತಕರಾರೂ ಇಲ್ಲದೆ ಕೂರುತ್ತದೆ. ಇನ್ನೂ ಹೊಸದು ಬೇಕಿದ್ದರೆ ಒಂದೊಂದೇ ವರ್ಷ ಮೇಲೆ ಹೋಗಿ ನೋಡಬಹುದು. ಪೂರ್ತಿ ಇಳಿಸುವ ಅಗತ್ಯವಿಲ್ಲ. ಆ ವರ್ಷದ ಬೈನರಿ ಪೊಟ್ಟಣವೊಂದನ್ನು ಬಿಚ್ಚಿ ‘ಟೆಕ್ಸ್ --ವರ್ಷನ್’ ಓಡಿಸಿದರೆ ಉತ್ತರ ಸಿಕ್ಕಿತು.

ಇದು ಮೇಲಿನ ಮಿತಿ. ಕನ್ನಡ ಅಚ್ಚುಮಾಡುವವರಿಗೆ ಕೆಳಗಿನ ಮಿತಿಯೂ ಒಂದಿದೆ: 2013. ಆ ವರ್ಷದಿಂದ ಝೀಟೆಕ್ (ಯುನಿಕೋಡ್ ಓದಬಲ್ಲ ಟೆಕ್) ಅಕ್ಷರ ಜೋಡಣೆಗೆ ಹಾರ್ಫ್‌ಬಜ್ ಲೈಬ್ರರಿ ಬಳಸತೊಡಗಿತು. ಅಂಥದ್ದೇ ಇನ್ನೊಂದಾದ ಲುವಾಲೇಟೆಕ್‌ಗೆ ಹಾರ್ಫ್‌ಬಜ್ ಬಂದದ್ದು 2020ರಲ್ಲಿ. ಹಾಗಾಗಿ 2013ರಿಂದ 2019ರವರೆಗಿನ ಯಾವ ವರ್ಷ ಹಾಕಿದರೂ ಕನ್ನಡಕ್ಕೆ ಝೀಟೆಕ್ ಮೇಲೆ ಓಡುವ ಲೇಟೆಕ್, ಅಂದರೆ ಝೀಲೇಟೆಕ್ಕೇ ದಾರಿ.

ಯಂತ್ರದಲ್ಲಿ ಮೊದಲೇ ಟೆಟೆಕ್ ಎಂಬ ಹಳೆಯ ಟೆಕ್ ಗಂಟು ಇದ್ದರೆ? ಥಾಮಸ್ ಎಸ್ಸರ್ ಅದನ್ನು 2006ರಲ್ಲೇ ನಿಲ್ಲಿಸಿದರು. ಕೊನೆಯ ಆವೃತ್ತಿ 3.0. ಬರೀ ಇಂಗ್ಲಿಷ್ ಪತ್ರ, ಗಣಿತದ ಟಿಪ್ಪಣಿಗಳಾದರೆ ಅದು ಇವತ್ತಿಗೂ ಸಾಕು, ಮುಟ್ಟದೆ ಬಿಡಿ. ಅದರ ಪಕ್ಕದಲ್ಲಿ ಟೆಕ್ ಲೈವ್ ಹಾಕುವುದಾದರೆ ‘ಎನ್ವ್’ ಆದೇಶ ಕೊಟ್ಟು, ಟೆಕ್ಸ್‌ಎಂಎಫ್ ಅಥವಾ ಟೆಕ್ಸ್‌ಇನ್‌ಪುಟ್ಸ್ ಎಂದು ಶುರುವಾಗುವ ಚರಗಳು ಕಂಡರೆ ಶೆಲ್ಲಿನ ಆರಂಭದ ಫೈಲುಗಳಿಂದ ತೆಗೆಯಿರಿ. ಹಳೆಯ ಕಾಲದ ಇಂಥ ಒಂದು ಸಾಲು ಹೊಸ ಟೆಕ್ಕನ್ನು ಹಳೆಯ ಮರದೊಳಗೆ (ಡೈರೆಕ್ಟರಿಗಳ ಕಟ್ಟಿನೊಳಗೆ) ಹುಡುಕಲು ಕಳಿಸುತ್ತದೆ.

ಇಳಿಸಿಕೊಳ್ಳುವುದು

ಹಳೆಯ ವರ್ಷದ ಟೆಕ್ ಲೈವ್ ಟೆಕ್ ಸಾಮಗ್ರಿಯ ಅಂತರ್ಜಾಲ ಸಂಗ್ರಹವಾದ ಸಿಟ್ಯಾನ್‌ನ ಸಾಮಾನ್ಯ ಮಿರರ್‌ಗಳಲ್ಲಿ ಸಿಗುವುದಿಲ್ಲ. ಟೆಕ್ ಬಳಕೆದಾರರ ಕೂಟವಾದ ಟಗ್‌ನ ಎಫ್‌ಟಿಪಿ ಸಂಗ್ರಹದಲ್ಲಿ ‘ಹಿಸ್ಟಾರಿಕ್’ ಎಂಬ ಡೈರೆಕ್ಟರಿ ಇದೆ. ಅದರೊಳಗೆ ಸಿಸ್ಟಮ್ಸ್, ಟೆಕ್ಸ್‌ಲೈವ್, ಆಮೇಲೆ ವರ್ಷ. ಅಲ್ಲಿ ‘ಟಿಎಲ್‌ನೆಟ್-ಫೈನಲ್’ ಎಂಬುದು ಆ ವರ್ಷದ ಕೊನೆಯ ಸ್ಥಿತಿ. ನಿಮಗೆ ಬೇಕಾದದ್ದು ಅದೇ. ಪಕ್ಕದಲ್ಲೇ ಐಎಸ್‌ಒ ಚಿತ್ರವೂ ಇರುತ್ತದೆ, ಆದರೆ ಅದು ವರ್ಷದ ಆರಂಭದ್ದು. ಅನಂತರದ ತಿದ್ದುಪಡಿಗಳು ಅದರಲ್ಲಿಲ್ಲ.

ಹಳೆಯ ಯಂತ್ರದಿಂದಲೇ ಇಳಿಸಲು ಹೋದರೆ ಭದ್ರ ಸಂಪರ್ಕದಲ್ಲಿ ಎಡವುತ್ತೀರಿ. ಭದ್ರ ಸಂಪರ್ಕದ ಭಾಷೆಯಾದ ಟಿಎಲ್‌ಎಸ್‌ನ 1.2ನೇ ಆವೃತ್ತಿ ಸೇರಿದ್ದು ಓಪನ್‌ಎಸ್‌ಎಸ್‌ಎಲ್ 1.0.1ರಲ್ಲಿ, ಅಂದರೆ 2012ರಲ್ಲಿ. ಅದಕ್ಕಿಂತ ಹಿಂದಿನ 0.9.8 ಜತೆ ಕಟ್ಟಿದ ಡಬ್ಲ್ಯುಗೆಟ್, ಕರ್ಲ್‌ಗಳಿಗೆ ಇಂದಿನ ಸರ್ವರ್‌ಗಳು ಬಾಗಿಲು ತೆರೆಯುವುದಿಲ್ಲ. ಪ್ರಮಾಣಪತ್ರ ನೋಡಬೇಡ ಎಂಬ ಆಯ್ಕೆ ಇಲ್ಲಿ ಉಪಯೋಗಕ್ಕಿಲ್ಲ, ತೊಡಕು ಪ್ರಮಾಣಪತ್ರದ್ದಲ್ಲ, ಮಾತಾಡುವ ಭಾಷೆಯದ್ದು. ಹೊಸ ಯಂತ್ರವೊಂದರಲ್ಲಿ ಇಳಿಸಿ, ಅಲ್ಲೇ ಚೆಕ್‌ಸಮ್ (ಫೈಲ್ ಕೆಡದೆ ಬಂದಿದೆಯೇ ಎಂದು ಹೇಳುವ ತಾಳೆ ಸಂಖ್ಯೆ) ನೋಡಿ, ಆಮೇಲೆ ಸಾಗಿಸುವುದೇ ಲೇಸು.

ಪೆನ್‌ಡ್ರೈವ್‌ನಲ್ಲಿ ಸಾಗಿಸುವಾಗ ಫ್ಯಾಟ್32 ಒಂದು ಫೈಲಿಗೆ 4 ಗಿಗಾಬೈಟ್‌ಗಿಂತ ಹೆಚ್ಚು ಹಿಡಿಸುವುದಿಲ್ಲ ಎಂಬುದು ನೆನಪಿರಲಿ. ಹಳೆಯ ಯಂತ್ರಕ್ಕೆ ಓದಲು ಬರುವುದು ಬಹಳ ಸಲ ಫ್ಯಾಟ್32 ಮಾತ್ರ. ‘ಸ್ಪ್ಲಿಟ್ -ಬಿ 2000ಎಂ’ ಕೊಟ್ಟು ತುಂಡುಮಾಡಿ, ಆ ಕಡೆ ‘ಕ್ಯಾಟ್’ನಿಂದ ಜೋಡಿಸಿ, ಮತ್ತೊಮ್ಮೆ ಚೆಕ್‌ಸಮ್ ನೋಡಿ. ಟಿಎಲ್‌ನೆಟ್-ಫೈನಲ್ ಡೈರೆಕ್ಟರಿಯನ್ನು ಬಿಡಿ ಬಿಡಿ ಫೈಲುಗಳಾಗಿ ಫ್ಯಾಟ್ ಮೇಲೆ ಹಾಕಬೇಡಿ. ಮೊದಲು ಒಂದು ಟಾರ್ ಕಟ್ಟಿ, ಆಮೇಲೆ ತುಂಡುಮಾಡಿ.

ಇನ್‌ಸ್ಟಾಲ್ ಮಾಡುವ ಹಂತಗಳು

1. ರೂಟ್ ಆಗಿ ‘/ಯುಎಸ್‌ಆರ್/ಲೋಕಲ್/ಟೆಕ್ಸ್‌ಲೈವ್’ ಡೈರೆಕ್ಟರಿ ಮಾಡಿ, ‘ಚೋನ್’ ಕೊಟ್ಟು ನಿಮ್ಮ ಸಾಮಾನ್ಯ ಬಳಕೆದಾರನ ಹೆಸರಿಗೆ ಬರೆಯಿರಿ. ಮುಂದಿನದಕ್ಕೆ ರೂಟ್ ಬೇಡ. ಸುಡೋ ಮೂಲಕ ಹಾಕಿದವರಿಗೆ ಆಮೇಲೆ ಟೆಕ್ ಲೈವ್‌ನ ಪ್ಯಾಕೇಜ್ ನಿರ್ವಾಹಕವನ್ನು ಕರೆದರೆ ‘ಟಿಎಲ್‌ಎಂಜಿಆರ್ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ, ಯಾಕೆಂದರೆ ಸುಡೋ ತನ್ನದೇ ಪಾತ್ (ಆದೇಶಗಳನ್ನು ಹುಡುಕುವ ಜಾಗಗಳ ಪಟ್ಟಿ) ಹಾಕಿಕೊಳ್ಳುತ್ತದೆ.

2. ‘ಇನ್‌ಸ್ಟಾಲ್-ಟಿಎಲ್-ಯುಎನ್‌ಎಕ್ಸ್.ಟಾರ್.ಜಿಝಡ್’ ಬಿಚ್ಚಿ. ಸೋಲಾರಿಸ್‌ನ ಸ್ವಂತ ಟಾರ್ ಉದ್ದ ಹೆಸರುಗಳಲ್ಲಿ ಎಡವಿ ‘ಚೆಕ್‌ಸಮ್ ತಪ್ಪು’ ಎನ್ನಬಹುದು. ‘ಜಿಟಾರ್’ ಬಳಸಿ. ಎಕ್ಸ್‌ಝಡ್ ಪೊಟ್ಟಣಗಳನ್ನು ನೇರವಾಗಿ ಬಿಚ್ಚಲು ಗ್ನೂ ಟಾರ್ 1.22 ಆದರೂ ಬೇಕು. ಅದಕ್ಕಿಂತ ಹಳೆಯದಿದ್ದರೆ ‘ಎಕ್ಸ್‌ಝಡ್ -ಡಿಸಿ’ ಹೊರಹಾಕಿದ್ದನ್ನು ಪೈಪ್ ಮೂಲಕ ‘ಟಾರ್ ಎಕ್ಸ್‌ಎಫ್ -’ಗೆ ಕೊಡಿ.

3. ಬಿಚ್ಚಿದ ಡೈರೆಕ್ಟರಿಯೊಳಗೆ ‘./ಇನ್‌ಸ್ಟಾಲ್-ಟಿಎಲ್ --ಪ್ರಿಂಟ್-ಪ್ಲಾಟ್‌ಫಾರ್ಮ್’ ಓಡಿಸಿ. ಇನ್‌ಸ್ಟಾಲರ್ ನಿಮ್ಮ ಯಂತ್ರವನ್ನು ಏನೆಂದುಕೊಂಡಿದೆ ಎಂದು ಹೇಳುತ್ತದೆ. ಜಾತಕದಲ್ಲಿ ಬರೆದದ್ದಕ್ಕೂ ಇದಕ್ಕೂ ತಾಳೆಯಾಗದಿದ್ದರೆ ‘--ಫೋರ್ಸ್-ಪ್ಲಾಟ್‌ಫಾರ್ಮ್’ ಕೊಡಬೇಕಾಗುತ್ತದೆ. ಪರ್ಲ್ ಇಲ್ಲೇ ‘ಡೈಜೆಸ್ಟ್/ಎಂಡಿ5 ಸಿಗಲಿಲ್ಲ’ ಎಂದು ನಿಂತರೆ ತಪ್ಪು ಟೆಕ್ ಲೈವ್‌ನದ್ದಲ್ಲ. ರೆಡ್ ಹ್ಯಾಟ್ ಬಳಗದ ವಿತರಣೆಗಳು ಪರ್ಲ್‌ನ ಮೂಲ ಮಾಡ್ಯೂಲುಗಳನ್ನೂ ಬೇರೆ ಪೊಟ್ಟಣಗಳಾಗಿ ಒಡೆದಿವೆ. ಅದನ್ನು ಹಾಕಿ ಮುಂದುವರಿಯಿರಿ.

4. ಈಗ ‘./ಇನ್‌ಸ್ಟಾಲ್-ಟಿಎಲ್ --ರೆಪಾಸಿಟರಿ’ ಎಂದು ಬರೆದು, ಮುಂದೆ ನೀವು ಸಾಗಿಸಿ ತಂದ ಟಿಎಲ್‌ನೆಟ್-ಫೈನಲ್ ಇರುವ ಜಾಗ ಕೊಡಿ. ಈ ಆಯ್ಕೆ ಮರೆತರೆ 2014ರ ಇನ್‌ಸ್ಟಾಲರ್ ನೇರ ಇಂದಿನ ಮಿರರ್‌ಗೆ ಹೋಗಿ, ವರ್ಷ ಹೊಂದುತ್ತಿಲ್ಲ ಎಂದು ಜಗಳ ತೆಗೆಯುತ್ತದೆ.

5. ಅಕ್ಷರಗಳ ಮೆನು ಬರುತ್ತದೆ. ‘ಎಸ್’ ಒತ್ತಿ ಸ್ಕೀಮ್ (ಯಾವ ಯಾವ ಪ್ಯಾಕೇಜ್ ಹಾಕಬೇಕೆಂಬ ಗುಂಪು) ಆರಿಸಿ. ಪೂರ್ಣ ಸ್ಕೀಮ್ ಈಚಿನ ವರ್ಷಗಳಲ್ಲಿ 7 ಗಿಗಾಬೈಟ್ ದಾಟುತ್ತದೆ. ಹಳೆಯ ಡಿಸ್ಕಿಗೆ ‘ಸ್ಮಾಲ್’ ಸಾಕು, ಝೀಟೆಕ್ ಅದರಲ್ಲೇ ಬರುತ್ತದೆ. ಆಮೇಲೆ ‘ಒ’ ಒತ್ತಿ ಆಯ್ಕೆಗಳಿಗೆ ಹೋಗಿ, ‘ಡಿ’ ಮತ್ತು ‘ಎಸ್’ ಒತ್ತಿ ದಾಖಲೆ, ಮೂಲ ಎರಡನ್ನೂ ಬಿಡಿಸಿ. ಉಳಿತಾಯ ಇರುವುದು ಇಲ್ಲಿ: ಪೂರ್ಣ ಸ್ಕೀಮಿನ ದೊಡ್ಡ ಪಾಲು ಪಿಡಿಎಫ್ ಕೈಪಿಡಿಗಳೇ. ಅದೇ ಜಾಗದಲ್ಲಿರುವ ‘ಎಲ್’, ಅಂದರೆ ವ್ಯವಸ್ಥೆಯ ಡೈರೆಕ್ಟರಿಗಳಿಗೆ ಕೊಂಡಿ ಹಾಕುವ ಆಯ್ಕೆಯನ್ನು ಮುಟ್ಟಬೇಡಿ. ಹಳೆಯ ಟೆಟೆಕ್ ಜತೆ ಗೊಂದಲ ಶುರುವಾಗುವುದು ಅಲ್ಲಿಂದಲೇ.

6. ‘ಐ’ ಒತ್ತಿ ಬಿಟ್ಟುಬಿಡಿ. ನಿಧಾನದ ಡಿಸ್ಕಿನಲ್ಲಿ ಕೊನೆಯ ಹಂತ, ಫಾರ್ಮ್ಯಾಟ್ ಫೈಲ್ (ಟೆಕ್ ಬೇಗ ಶುರುವಾಗಲು ಮೊದಲೇ ಕಟ್ಟಿಟ್ಟ ಮ್ಯಾಕ್ರೋಗಳು) ತಯಾರಿ, ಅಲ್ಲಾಡದೆ ನಿಂತಂತೆ ಕಾಣುತ್ತದೆ. ಕೊಲ್ಲಬೇಡಿ. ಇನ್ನೊಂದು ಟರ್ಮಿನಲ್ಲಿನಲ್ಲಿ ‘ಟಾಪ್’ ನೋಡಿದರೆ ಟೆಕ್ ದುಡಿಯುತ್ತಿರುವುದು ಕಾಣುತ್ತದೆ. ವಿದ್ಯುತ್ ಹೋಗಿ ಮಧ್ಯದಲ್ಲಿ ನಿಂತಿದ್ದರೆ ‘ಇನ್‌ಸ್ಟಾಲೇಷನ್.ಪ್ರೊಫೈಲ್’ ಎಂಬ ಫೈಲ್ ಹುಟ್ಟಿದೆಯೇ ನೋಡಿ. ‘--ಪ್ರೊಫೈಲ್’ ಮುಂದೆ ಅದರ ಹೆಸರು ಕೊಟ್ಟರೆ ಆರಿಸಿದ್ದನ್ನೆಲ್ಲ ಮತ್ತೆ ಆರಿಸಬೇಕಿಲ್ಲ.

7. ಪಾತ್. ‘.ಪ್ರೊಫೈಲ್’ ಫೈಲಿನಲ್ಲಿ ಪಾತ್ (ದೊಡ್ಡಕ್ಷರ) ಚರದ ಮೊದಲಿಗೆ ‘/ಯುಎಸ್‌ಆರ್/ಲೋಕಲ್/ಟೆಕ್ಸ್‌ಲೈವ್/2014/ಬಿನ್/’ ಮತ್ತು ಪ್ಲಾಟ್‌ಫಾರ್ಮ್ ಹೆಸರು ಸೇರಿಸಿ. ಕೊನೆಗಲ್ಲ, ಮೊದಲಿಗೆ. ಸೋಲಾರಿಸ್ 10ರ ‘/ಬಿನ್/ಎಸ್‌ಎಚ್’ ನಿಜವಾದ ಹಳೆಯ ಬೋರ್ನ್ ಶೆಲ್. ಅದಕ್ಕೆ ‘ಎಕ್ಸ್‌ಪೋರ್ಟ್ ಪಾತ್=...’ ಎಂದು ಒಂದೇ ಸಾಲಿನಲ್ಲಿ ಬರೆದರೆ ತಿಳಿಯುವುದಿಲ್ಲ. ಮೊದಲ ಸಾಲಲ್ಲಿ ಬೆಲೆ ಕೊಟ್ಟು, ಎರಡನೇ ಸಾಲಲ್ಲಿ ‘ಎಕ್ಸ್‌ಪೋರ್ಟ್’ ಮಾಡಿ. ಸಿ ಶೆಲ್ ಬಳಸುವವರಿಗೆ ‘ಸೆಟ್‌ಎನ್ವ್’, ಆಮೇಲೆ ಒಂದು ‘ರೀಹ್ಯಾಶ್’.

ಇನ್ನೊಂದು ಹಾದಿ: ಕಟ್ಟಿಟ್ಟ ಮರವನ್ನು ಹೊತ್ತೊಯ್ಯುವುದು

ಹಳೆಯ ಯಂತ್ರದಲ್ಲಿ ಪರ್ಲ್ ಅರೆಬರೆ ಇದ್ದರೆ, ಅಥವಾ ಡಿಸ್ಕು ತೀರಾ ನಿಧಾನವಾದರೆ, ಮೇಲಿನ ಹಂತಗಳನ್ನು ಹೊಸ ಲಿನಕ್ಸ್ ಯಂತ್ರದಲ್ಲೇ ಮಾಡಿ. ಟೆಕ್ ಲೈವ್ ಮರ ತಾನು ಎಲ್ಲಿದ್ದೇನೆಂದು ತನ್ನ ಬೈನರಿ ಇರುವ ಜಾಗದಿಂದಲೇ ಲೆಕ್ಕ ಹಾಕುತ್ತದೆ, ಆದ್ದರಿಂದ ಎತ್ತಿಕೊಂಡುಹೋಗಿ ಎಲ್ಲಿಟ್ಟರೂ ನಡೆಯುತ್ತದೆ. ಮೆನುವಿನಲ್ಲಿ ‘ಬಿ’ ಒತ್ತಿ, ಹೊಸ ಯಂತ್ರದ ಪ್ಲಾಟ್‌ಫಾರ್ಮ್ ಇರುವಂತೆಯೇ ಹಳೆಯದನ್ನೂ, ಉದಾಹರಣೆಗೆ ಐ386-ಲಿನಕ್ಸ್, ಗುರುತು ಹಾಕಿ. ಮುಗಿದ ಮೇಲೆ ಇಡೀ ಮರವನ್ನು ಟಾರ್ ಕಟ್ಟಿ ಸಾಗಿಸಿ. ಕೊಂಡಿಗಳು ಉಳಿಯಬೇಕಾದ್ದರಿಂದ ಸಾದಾ ಕಾಪಿ ಬೇಡ. ಹಳೆಯ ಯಂತ್ರದಲ್ಲಿ ಬಿಚ್ಚಿ, ಪಾತ್ ಹಾಕಿ, ‘ಎಫ್‌ಎಂಟಿಯುಟಿಲ್-ಸಿಸ್ --ಆಲ್’ ಒಮ್ಮೆ ಓಡಿಸಿದರೆ ಫಾರ್ಮ್ಯಾಟ್‌ಗಳು ಅಲ್ಲಿನ ಬೈನರಿಗೆ ಹೊಂದಿಕೊಳ್ಳುತ್ತವೆ. ನಿಧಾನದ ಯಂತ್ರಗಳಿಗೆ ಮೊದಲ ಹಾದಿಗಿಂತ ಇದೇ ವಾಸಿ.

ಬೈನರಿ ಓಡದಿದ್ದಾಗ

ದೂರಿನ ಮಾತನ್ನು ಅಕ್ಷರಶಃ ಓದಿ, ಒಂದೊಂದಕ್ಕೂ ಬೇರೆ ಬೇರೆ ಅರ್ಥವಿದೆ. ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಬಂದರೆ ಬೇರೆ ಪ್ರೊಸೆಸರಿನ ಬೈನರಿ ಎಂದು. ‘ಕರ್ನಲ್ ಟೂ ಓಲ್ಡ್’, ‘ಜಿಲಿಬ್‌ಸಿ ಇಂಥ ಆವೃತ್ತಿ ಸಿಗಲಿಲ್ಲ’ ಎರಡಕ್ಕೂ ಮದ್ದು ಒಂದು ವರ್ಷ ಕೆಳಗಿಳಿಯುವುದು. ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಬಂದರೆ ನಿಮ್ಮ ಪ್ರೊಸೆಸರಿಗೆ ಗೊತ್ತಿಲ್ಲದ ಸೂಚನೆ ಬೈನರಿಯಲ್ಲಿದೆ. ಎಸ್‌ಎಸ್‌ಇ2 ಇಲ್ಲದ ಪೆಂಟಿಯಂ 3ರಂಥ ಚಿಪ್ಪುಗಳಲ್ಲಿ ಇದು ಕಾಣುತ್ತದೆ.

ಜನರನ್ನು ಹೆಚ್ಚು ಸುತ್ತಾಡಿಸುವುದು ಇನ್ನೊಂದು. ‘ಎಲ್‌ಎಸ್’ ಕೊಟ್ಟರೆ ಫೈಲ್ ಕಣ್ಣೆದುರೇ ಇದೆ, ಓಡಿಸಿದರೆ ‘ಅಂಥ ಫೈಲ್ ಇಲ್ಲ’ ಎನ್ನುತ್ತದೆ. ಇಲ್ಲದ್ದು ಆ ಫೈಲಲ್ಲ, ಅದನ್ನು ಎತ್ತಿ ಓಡಿಸಬೇಕಾದ ಲೋಡರ್. 64 ಬಿಟ್ ವ್ಯವಸ್ಥೆಯಲ್ಲಿ 32 ಬಿಟ್ ಲೈಬ್ರರಿಗಳಿಲ್ಲದೆ ಐ386 ಬೈನರಿ ಹಾಕಿದಾಗ ಹೀಗಾಗುತ್ತದೆ. ಬೈನರಿಯ ಮೇಲೆ ‘ಫೈಲ್’ ಆದೇಶ ಓಡಿಸಿದರೆ ಅದು ಯಾವ ಲೋಡರ್ ಕೇಳುತ್ತಿದೆ ಎಂಬುದೂ ಕಾಣಿಸುತ್ತದೆ.

64 ಬಿಟ್ ಲಿನಕ್ಸ್‌ನಲ್ಲಿ ವರ್ಷ ಇಳಿಸಲು ಮನಸ್ಸಿಲ್ಲದಿದ್ದರೆ ಒಂದು ಪ್ರಯತ್ನ ಉಳಿದಿದೆ. ‘ಲಿನಕ್ಸ್‌ಮಸ್ಲ್’ ಹೆಸರಿನ ಬೈನರಿಗಳು ಜಿಲಿಬ್‌ಸಿಯನ್ನು ಆಶ್ರಯಿಸಿಲ್ಲ. ‘ಬಿ’ ಮೆನುವಿನಲ್ಲಿ ಅವನ್ನು ಆರಿಸಿ ಓಡಿಸಿ ನೋಡಿ. ಮ್ಯಾಕ್ ಓಎಸ್ ಎಕ್ಸ್ 10.6ರಂಥ ಹಳೆಯ ಮ್ಯಾಕ್‌ಗಳಿಗೆ ‘ಡಾರ್ವಿನ್‌ಲೆಗಸಿ’ ಎಂಬ ಬೇರೆಯದೇ ಬೈನರಿ ಗಂಟು ಇದೆ.

ಮೂಲದಿಂದ ಕಟ್ಟುವುದು

ಸಿದ್ಧ ಬೈನರಿ ಯಾವುದೂ ಒಗ್ಗದಿದ್ದಾಗ ಮಾತ್ರ ಇದು. ಆರಿಸಿದ ವರ್ಷದ ಮೂಲ ಪೊಟ್ಟಣವನ್ನು ಅದೇ ಹಿಸ್ಟಾರಿಕ್ ಡೈರೆಕ್ಟರಿಯಿಂದ ತನ್ನಿ. ಹಳೆಯ ಮೂಲಕ್ಕೆ ಹಳೆಯ ಜಿಸಿಸಿ ಸಾಕು. ಹೊಸ ಮೂಲ ಹೊಸ ಸಿ++ ಕೇಳುತ್ತದೆ, ಸಿ++11 ಪೂರ್ತಿ ಬಂದದ್ದೇ ಜಿಸಿಸಿ 4.8.1ರಲ್ಲಿ. ಗ್ನೂ ಮೇಕ್ ಇಲ್ಲದೆ ಆಗದು. ಬಿಎಸ್‌ಡಿ, ಸೋಲಾರಿಸ್‌ಗಳಲ್ಲಿ ಅದರ ಹೆಸರು ‘ಜಿಮೇಕ್’, ಅದನ್ನು ‘ಟಿಎಲ್_ಮೇಕ್’ ಎಂಬ ಚರದಲ್ಲಿ (ದೊಡ್ಡಕ್ಷರ) ಹೇಳಬೇಕು. ಬೋರ್ನ್ ಶೆಲ್ ಕಾನ್ಫಿಗರ್ ನಡುವೆ ಕೈಕೊಟ್ಟರೆ ‘ಕಾನ್ಫಿಗ್_ಶೆಲ್’ ಚರಕ್ಕೆ (ಇದೂ ದೊಡ್ಡಕ್ಷರ) ಬ್ಯಾಷ್ ಅಥವಾ ಕೆಎಸ್‌ಎಚ್ ಇರುವ ಜಾಗ ಕೊಡಿ.

ಮೂಲದ ಡೈರೆಕ್ಟರಿಯಲ್ಲಿ ‘./ಬಿಲ್ಡ್’ (ಬಿ ದೊಡ್ಡಕ್ಷರ) ಓಡಿಸಿ. ಜತೆಗೆ ‘--ಡಿಸೇಬಲ್-ಲುವಾಜಿಟ್‌ಟೆಕ್ಸ್’ ಕೊಡುವುದು ಒಳ್ಳೆಯದು, ಲುವಾಜಿಟ್ ಎಲ್ಲ ಪ್ರೊಸೆಸರುಗಳಿಗೂ ಒಗ್ಗುವುದಿಲ್ಲ, ಮತ್ತು ಅದಿಲ್ಲದೆ ಯಾರ ಕೆಲಸವೂ ನಿಲ್ಲುವುದಿಲ್ಲ. ಎಕ್ಸ್ ವಿಂಡೋ ಇಲ್ಲದ ಯಂತ್ರಕ್ಕೆ ‘--ವಿದೌಟ್-ಎಕ್ಸ್’. ಮೆಮೊರಿ ಕಡಿಮೆ ಇದ್ದರೆ ಸಮಾನಾಂತರ ಕಟ್ಟುವಿಕೆ ಬೇಡ. ಝೀಟೆಕ್‌ಗೆ ಬೇಕಾದ ಐಸಿಯು ಎಂಬ ಯುನಿಕೋಡ್ ಲೈಬ್ರರಿಯ ಭಾಗವೊಂದೇ ಎರಡು ಕಂಪೈಲರ್‌ಗಳನ್ನು ಒಟ್ಟಿಗೆ ಓಡಿಸಿ ಸ್ವ್ಯಾಪ್ ತುಂಬಿಸಿಬಿಡಬಹುದು. ಎಲ್ಲಿ ನಿಂತರೂ ಪರದೆಯ ಕೊನೆಯ ಸಾಲಿಗಿಂತ ಆಯಾ ಉಪಡೈರೆಕ್ಟರಿಯ ‘ಕಾನ್ಫಿಗ್.ಲಾಗ್’ ಹೆಚ್ಚು ಹೇಳುತ್ತದೆ.

ಬೈನರಿಗಳು ‘ಇನ್‌ಸ್ಟ್/ಬಿನ್’ ಒಳಗೆ ಬರುತ್ತವೆ. ಆಮೇಲೆ ಮಾಮೂಲಿ ಇನ್‌ಸ್ಟಾಲರ್ ಅನ್ನೇ ‘--ಕಸ್ಟಮ್-ಬಿನ್’ ಆಯ್ಕೆಯ ಜತೆ, ಆ ಡೈರೆಕ್ಟರಿ ತೋರಿಸಿ ಓಡಿಸಿ. ಅದು ಅವನ್ನು ‘ಬಿನ್/ಕಸ್ಟಮ್’ಗೆ ನಕಲು ಮಾಡಿಕೊಳ್ಳುತ್ತದೆ. ಪಾತ್‌ನಲ್ಲೂ ಅದೇ ಹೆಸರು ಹಾಕಿ.

ಪರೀಕ್ಷೆ

‘ಟೆಕ್ಸ್ --ವರ್ಷನ್’ ವರ್ಷ ಹೇಳಬೇಕು. ‘ಕೆಪಿಎಸ್‌ಇವಿಚ್ ಆರ್ಟಿಕಲ್.ಸಿಎಲ್‌ಎಸ್’ ಕೊಟ್ಟರೆ ಹೊಸ ಮರದೊಳಗಿನ ಜಾಗ ಬರಬೇಕು. ಹಳೆಯ ಮರದ ಜಾಗ ಬಂದರೆ ಮೇಲೆ ಹೇಳಿದ ಚರ ಇನ್ನೂ ಎಲ್ಲೋ ಉಳಿದಿದೆ. ‘ಪಿಡಿಎಫ್‌ಲೇಟೆಕ್ಸ್ ಸ್ಯಾಂಪಲ್2ಇ’ ಓಡಿ ಪಿಡಿಎಫ್ ಬಂದರೆ ಅರ್ಧ ಗೆದ್ದಂತೆ. ‘ಫಾರ್ಮ್ಯಾಟ್ ಫೈಲ್ ಸಿಗುತ್ತಿಲ್ಲ’ ಎಂದರೆ ‘ಎಫ್‌ಎಂಟಿಯುಟಿಲ್-ಸಿಸ್ --ಬೈಎಫ್‌ಎಂಟಿ’ ಮುಂದೆ ಆ ಫಾರ್ಮ್ಯಾಟಿನ ಹೆಸರು ಕೊಡಿ. ‘ಐಯಾಮ್ ಸ್ಟೈಮೀಡ್’ ಎಂದು ಟೆಕ್ ಕೈಚೆಲ್ಲಿದರೆ ಫಾರ್ಮ್ಯಾಟ್ ಸಿಕ್ಕಿದೆ, ಆದರೆ ಬೇರೆ ಬೈನರಿ ಮಾಡಿದ್ದು ಎಂದರ್ಥ. ಎರಡು ಟೆಕ್‌ಗಳು ಒಂದೇ ಯಂತ್ರದಲ್ಲಿರುವ ಕಡೆ ಇದು ಮಾಮೂಲು. ಮದ್ದು ಅದೇ, ಮತ್ತೆ ಕಟ್ಟುವುದು.

ಕನ್ನಡಕ್ಕೆ ಝೀಲೇಟೆಕ್ ಫೈಲೊಂದರಲ್ಲಿ ಫಾಂಟ್‌ಸ್ಪೆಕ್ ಪ್ಯಾಕೇಜ್ ಕರೆದು, ಮುಖ್ಯ ಫಾಂಟ್ ಆಗಿ ಲೋಹಿತ್ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡ ಕೊಡಿ. ಫಾಂಟಿನ ಆಯ್ಕೆಗಳಲ್ಲಿ ‘ಸ್ಕ್ರಿಪ್ಟ್=ಕನ್ನಡ’ (ಎರಡು ಪದಗಳ ಮೊದಲಕ್ಷರ ದೊಡ್ಡದು) ಇರಲೇಬೇಕು. ಪರೀಕ್ಷೆಗೆ ‘ಸ್ತ್ರೀ, ರಾಷ್ಟ್ರ, ಲಕ್ಷ್ಮಿ, ಕರ್ಮ’ ಈ ನಾಲ್ಕು ಪದ ಸಾಕು. ‘ಸ್ತ್ರೀ’ಯಲ್ಲಿ ಎರಡು ಒತ್ತುಗಳೂ ಸ ಅಕ್ಷರಕ್ಕೆ ಅಂಟಿ ಕೂರಬೇಕು. ‘ಕರ್ಮ’ದಲ್ಲಿ ಅರ್ಕಾವತ್ತು ಮ ಆದಮೇಲೆ ಬರಬೇಕು. ಮ ಅಕ್ಷರಕ್ಕೆ ಮುಂಚೆಯೇ ಬಿಡಿ ‘ರ್’ ನಿಂತಿದ್ದರೆ ಜೋಡಣೆ ನಡೆದಿಲ್ಲ, ಆಯ್ಕೆಯ ಅಕ್ಷರಗಳನ್ನು ಮತ್ತೊಮ್ಮೆ ನೋಡಿ.

ಫಾಂಟೇ ಸಿಗುತ್ತಿಲ್ಲ ಎಂದರೆ ‘ಎಫ್‌ಸಿ-ಕ್ಯಾಶ್’ ಓಡಿಸಿ. ಫಾಂಟ್ ಹುಡುಕಿಕೊಡುವ ಹಳೆಯ ಫಾಂಟ್‌ಕಾನ್ಫಿಗ್ ಜತೆ ಗುದ್ದಾಡುವುದಕ್ಕಿಂತ ಸರಳ ಉಪಾಯ ಇನ್ನೊಂದಿದೆ: ಫಾಂಟ್ ಫೈಲನ್ನು ದಾಖಲೆಯ ಪಕ್ಕದಲ್ಲೇ ಇಟ್ಟು, ಹೆಸರಿನ ಬದಲು ಫೈಲಿನ ಹೆಸರನ್ನೇ ಕೊಟ್ಟು, ‘ಪಾತ್’ (ಮೊದಲಕ್ಷರ ದೊಡ್ಡದು) ಆಯ್ಕೆಯಲ್ಲಿ ಜಾಗ ತೋರಿಸುವುದು. ಆಗ ಫಾಂಟ್‌ಕಾನ್ಫಿಗ್‌ನ ಹಂಗೇ ಇಲ್ಲ.

ಆಮೇಲಿನ ಪಾಲನೆ

ಟಿಎಲ್‌ಎಂಜಿಆರ್ ಓಡಿಸಿದಾಗ ‘ನಿಮ್ಮದು ಹಳೆಯದು, ದೂರದ್ದು ಹೊಸದು’ ಎಂದರೆ ಹೆದರಬೇಡಿ. ‘ಟಿಎಲ್‌ಎಂಜಿಆರ್ ಆಪ್ಷನ್ ರೆಪಾಸಿಟರಿ’ ಮುಂದೆ ನಿಮ್ಮ ಟಿಎಲ್‌ನೆಟ್-ಫೈನಲ್ ಜಾಗ ಕೊಟ್ಟರೆ ಸುಮ್ಮನಾಗುತ್ತದೆ. ಸ್ಮಾಲ್ ಸ್ಕೀಮಿನಲ್ಲಿ ಬರದ ಪ್ಯಾಕೇಜ್ ಬೇಕಾದಾಗಲೂ ಅಲ್ಲಿಂದಲೇ ಹಾಕಿಸಿಕೊಳ್ಳಬಹುದು, ಆದ್ದರಿಂದ ತಂದ ಟಾರ್ ಅಳಿಸಬೇಡಿ.

ಹೊಸ ಪ್ಯಾಕೇಜೊಂದರ ಎಸ್‌ಟಿವೈ ಫೈಲ್ ತಂದು ಹಳೆಯ ಮರಕ್ಕೆ ಕಸಿ ಕಟ್ಟುವ ಆಸೆ ಬರುತ್ತದೆ. 2020ರ ಈಚೆಗಿನ ಪ್ಯಾಕೇಜುಗಳಲ್ಲಿ ಅನೇಕವು ಎಕ್ಸ್‌ಪ್ಲ್3 (ಲೇಟೆಕ್ ಪ್ಯಾಕೇಜ್ ಬರೆಯುವ ಭಾಷೆ) ಲೇಟೆಕ್‌ನ ಗರ್ಭದಲ್ಲೇ ಇದೆ ಎಂದುಕೊಂಡು ಬರೆದಂಥವು. ಅದು ಫಾರ್ಮ್ಯಾಟ್ ಒಳಗೆ ಸೇರಿದ್ದು ಆ ವರ್ಷದ ಫೆಬ್ರುವರಿಯ ಬಿಡುಗಡೆಯಲ್ಲಿ. ಹಳೆಯ ಮರದಲ್ಲಿ ಅವು ‘ಎಕ್ಸ್‌ಪ್ಲ್3 ತೀರಾ ಹಳೆಯದು’ ಎಂದು ನಿಲ್ಲುತ್ತವೆ. ಎಕ್ಸ್‌ಪ್ಲ್3ಯನ್ನೂ ತಂದರೆ ಅದು ಮತ್ತೊಂದನ್ನು ಕೇಳುತ್ತದೆ. ಬೇಕಾದ್ದು ಆ ಪ್ಯಾಕೇಜಿನ ಹಳೆಯ ರೂಪವಾದರೆ ಅದು ಟಿಎಲ್‌ನೆಟ್-ಫೈನಲ್‌ನಲ್ಲೇ ಇರುತ್ತದೆ. ನೀವೇ ಬರೆದ ಸ್ಟೈಲ್ ಫೈಲುಗಳನ್ನು ಮನೆ ಡೈರೆಕ್ಟರಿಯ ‘ಟೆಕ್ಸ್‌ಎಂಎಫ್/ಟೆಕ್ಸ್/ಲೇಟೆಕ್ಸ್’ ಒಳಗಿಡಿ. ಎಲ್ಲ ಬಳಕೆದಾರರಿಗೂ ಸಿಗಬೇಕಾದರೆ ‘ಟೆಕ್ಸ್‌ಎಂಎಫ್-ಲೋಕಲ್’ ಒಳಗಿಟ್ಟು ‘ಎಂಕೆಟೆಕ್ಸ್‌ಎಲ್‌ಎಸ್‌ಆರ್’ ಓಡಿಸಿ. ಅದನ್ನು ಓಡಿಸದೆ ಬಿಟ್ಟರೆ, ಫೈಲ್ ಅಲ್ಲೇ ಇದ್ದರೂ ಟೆಕ್‌ಗೆ ಕಾಣುವುದಿಲ್ಲ.